ಹೊಟ್ಟೆಯ 14 ಇಂಜೆಕ್ಷನ್ ಕಲಿಸಿದ್ದು

ಆರು ವರ್ಷದ ಮಗುವಿಗೆ ಶೀತ, ಜ್ವರ ಬಂದು ಹೋಗಿರುತ್ತದೆ. ಇನ್ನು ಶಾಲೆಗೆ ಕಳಿಸಬಹುದು ಎನ್ನುವಷ್ಟರಲ್ಲಿ ಮಗು ಮಂಕಾಗುತ್ತದೆ. ಹಗಲೆಲ್ಲ ತೂಕಡಿಸುತ್ತದೆ, ಕರೆದರೆ ತಡವಾಗಿ ಓಗೊಡುತ್ತದೆ, ನಡೆದರೆ ತೂರಾಡುತ್ತದೆ. ಕೆಲವರಿಗೆ ಮೂತ್ರ ಕಟ್ಟುತ್ತದೆ, ಕಣ್ಣು ಮಂಜಾಗುತ್ತದೆ. ಎಂಆರ್‌ಐ ತೆಗೆದರೆ ಮಿದುಳಿನ ಬಿಳಿಭಾಗದಲ್ಲಿ ಸುಣ್ಣದ ನೀರು ಚೆಲ್ಲಿದ ಹಾಗೆ ಅಂಚು ಕದಡಿದ ದೊಡ್ಡ ಮಚ್ಚೆಗಳು. ಜ್ವರ ಮಿದುಳಿಗೆ ಏರಿತು ಎನ್ನುತ್ತಾರೆ ಮನೆಯವರು. ಆ ಅನುಮಾನ ಸಹಜವೇ. ಸೋಂಕು ಇರಬಹುದೆಂದೇ ವೈದ್ಯರೂ ಬೆನ್ನುಹುರಿಯ ನೀರನ್ನು ಪರೀಕ್ಷಿಸುತ್ತಾರೆ. ಆದರೆ ಅಡೆಮ್ ಎಂಬ ಈ ಕಾಯಿಲೆಯಲ್ಲಿ ಅಲ್ಲಿ ರೋಗಾಣು ಸಿಗುವುದಿಲ್ಲ. ನರತಂತುಗಳಿಗೆ ಸುತ್ತಿಕೊಂಡ ಮೈಲಿನ್ ಎಂಬ ಕೊಬ್ಬಿನ ಪೊರೆಯನ್ನು ಮಗುವಿನದೇ ರೋಗನಿರೋಧಕ ವ್ಯವಸ್ಥೆ ಸುಲಿಯುತ್ತಿರುತ್ತದೆ. ಪೊರೆಯಿದ್ದ ತಂತುವಿನಲ್ಲಿ ಸಂದೇಶ ಗೆಣ್ಣಿನಿಂದ ಗೆಣ್ಣಿಗೆ ಜಿಗಿಯುತ್ತ ಸೆಕೆಂಡಿಗೆ 100 ಮೀಟರ್‌ವರೆಗೂ ಓಡಬಲ್ಲದು. ಪೊರೆ ಕಳಚಿದರೆ ತೆವಳುತ್ತದೆ, ಇಲ್ಲವೇ ನಿಂತೇಬಿಡುತ್ತದೆ.

ರೋಗಾಣುವಿಲ್ಲದೆ ಹೀಗಾಗಬಲ್ಲದು ಎಂಬುದಕ್ಕೆ ಸಾಕ್ಷಿ, ನಾಯಿ ಕಚ್ಚಿದರೆ ಹೊಟ್ಟೆಗೆ ಚುಚ್ಚುತ್ತಿದ್ದ ಆ 14 ಇಂಜೆಕ್ಷನ್. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ಈ ಲಸಿಕೆ ನಮ್ಮಲ್ಲಿ ದಶಕಗಳ ಕಾಲ ಕುರಿಯ ಮಿದುಳಿನಿಂದ ತಯಾರಾಯಿತು: ರೇಬೀಸ್ ವೈರಸ್ ತುಂಬಿದ ಮಿದುಳನ್ನು ಅರೆದು, ಫಿನಾಲ್ ಬೆರೆಸಿ ವೈರಸ್ಸನ್ನು ಕೊಲ್ಲುತ್ತಿದ್ದರು. ಅದು ಅಸಂಖ್ಯ ಜೀವ ಉಳಿಸಿತು. ಆದರೆ ಕೆಲವರಿಗೆ, ಚುಚ್ಚಿಸಿಕೊಂಡ ಒಂದೆರಡು ವಾರಗಳಲ್ಲಿ, ಕೈಕಾಲು ಬಿದ್ದುಹೋದವು. ವೈರಸ್ ಪೂರ್ತಿ ಸತ್ತಿರಲಿಲ್ಲವೇನೋ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ 1930ರ ದಶಕದಲ್ಲಿ ನ್ಯೂಯಾರ್ಕಿನ ಥಾಮಸ್ ರಿವರ್ಸ್ ಅವರಿಂದ ಬಂತು. ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನು ಅವರು ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿದರು. ಅದರಲ್ಲಿ ರೇಬೀಸ್ ಇರಲಿಲ್ಲ. ಆದರೂ ಕೆಲವು ಕೋತಿಗಳ ಕಾಲು ಸೋತವು, ಮಿದುಳಿನಲ್ಲಿ ಮೈಲಿನ್ ಕಳಚಿತ್ತು. ಅವುಗಳ ದೇಹ ಮಿದುಳನ್ನೇ ವೈರಿಯೆಂದು ಕಲಿತುಬಿಟ್ಟಿತ್ತು.

ಹಾಗಾದರೆ ಎಲ್ಲ ಲಸಿಕೆಯೂ ಅಪಾಯವಲ್ಲವೇ ಎಂದು ತಾಯ್ತಂದೆಯರು ಕೇಳುತ್ತಾರೆ, ಕೇಳಲೇಬೇಕು. ಸೆಂಪಲ್ ಲಸಿಕೆಯಲ್ಲಿ ಕೇಡು ಮಾಡಿದ್ದು ಮಿದುಳಿನ ಅಂಗಾಂಶ. ಭಾರತ ಅದನ್ನು 2005ರ ವೇಳೆಗೆ ಕೈಬಿಟ್ಟಿತು. ಈಗಿನ ರೇಬೀಸ್ ಲಸಿಕೆ ಜೀವಕೋಶಗಳಲ್ಲಿ ಬೆಳೆಸಿ ಶುದ್ಧಮಾಡಿದ್ದು, ತೋಳಿಗೆ ಹಾಕುವಂಥದ್ದು. ದಡಾರದ ಲೆಕ್ಕ ಇನ್ನೂ ಸ್ಪಷ್ಟ. ದಡಾರ ಬಂದ ಸುಮಾರು 1000 ಮಕ್ಕಳಲ್ಲಿ ಒಬ್ಬರಿಗೆ ಈ ಬಗೆಯ ಮಿದುಳಿನ ಉರಿಯೂತ ಬರುತ್ತದೆ. ಲಸಿಕೆಯ ನಂತರ ವರದಿಯಾಗಿರುವುದು ದಶಲಕ್ಷ ಡೋಸ್‌ಗೆ ಒಂದೋ ಎರಡೋ. ಅಡೆಮ್‌ಗೆ ಹೆದರುವವರು ದಡಾರದ ಲಸಿಕೆಯನ್ನು ತಪ್ಪಿಸಬಾರದು.

ದಾಳಿಯ ಗುರಿಗೂ ಈಗ ಹೆಸರಿದೆ. ಅನೇಕ ಮಕ್ಕಳ ರಕ್ತದಲ್ಲಿ, ಮೈಲಿನ್ನಿನ ಹೊರಮೈಯಲ್ಲಿರುವ ಮಾಗ್ ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯ ಸಿಗುತ್ತದೆ. ಈ ಪ್ರತಿಕಾಯ ಇರುವ ರೋಗವನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸುವ ಅಂತರರಾಷ್ಟ್ರೀಯ ಮಾನದಂಡ 2023ರಲ್ಲಿ ಬಂತು. ಮಚ್ಚೆ ಕಂಡೊಡನೆ, ಮೈಲಿನ್ ಸುಲಿಯುವ ಇನ್ನೊಂದು ರೋಗವಾದ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಅದು ಬಹುಮಟ್ಟಿಗೆ ಜೀವಮಾನದ ರೋಗ, ಅಡೆಮ್ ಸಾಮಾನ್ಯವಾಗಿ ಒಂದೇ ಬಾರಿ ಬಂದು ಹೋಗುವಂಥದ್ದು. ಮಾಗ್ ಪ್ರತಿಕಾಯ ಇದ್ದ ಕೆಲವರಲ್ಲಿ ಮಾತ್ರ ಮರುಕಳಿಸುತ್ತದೆ. ಕಾದಾಟ ದೇಹದೊಳಗಿನದೇ ಆದ್ದರಿಂದ ಮೂರರಿಂದ ಐದು ದಿನ ಹೆಚ್ಚಿನ ಪ್ರಮಾಣದ ಸ್ಟೆರಾಯ್ಡನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹೆಚ್ಚಿನ ಮಕ್ಕಳು ಎದ್ದು ಓಡಾಡುತ್ತಾರೆ. ಮಿದುಳಿನಲ್ಲಿ ಮೈಲಿನ್ ಕಟ್ಟುವ ಒಂದೊಂದು ಕೋಶವೂ ಹತ್ತಾರು ತಂತುಗಳಿಗೆ ಪೊರೆಯನ್ನು ಮತ್ತೆ ಸುತ್ತುತ್ತದೆ, ಆದರೆ ಹೊಸ ಪೊರೆ ಮೊದಲಿನದಕ್ಕಿಂತ ತೆಳು. ಹಲವು ತಿಂಗಳ ನಂತರ ಎಂಆರ್‌ಐ ಬಹುತೇಕ ತಿಳಿಯಾದ ಮೇಲೂ ಕೆಲವು ಮಕ್ಕಳಿಗೆ ತರಗತಿಯಲ್ಲಿ ಗಮನ ನಿಲ್ಲುವುದಿಲ್ಲ, ಬರೆಯುವ ಕೈ ಹಿಂದೆ ಬೀಳುತ್ತದೆ.