ಶಾಲೆಯ ದಫ್ತರ ಯಾರ ಸರ್ವರಿನಲ್ಲಿರಬೇಕು? ಅಮೆರಿಕದ ಶಾಲಾ ಜಿಲ್ಲೆಗಳ ಲೆಕ್ಕಾಚಾರ

ಸರಕನ್ನು ಸ್ವಂತ ಗೋದಾಮಿನಲ್ಲಿಡುವುದು ಲಾಭವೋ, ಬಾಡಿಗೆ ಗೋದಾಮಿನಲ್ಲಿಡುವುದು ಲಾಭವೋ ಎಂಬ ಪ್ರಶ್ನೆ ವರ್ತಕರಿಗೆ ಹೊಸದಲ್ಲ. ಇದೇ ಪ್ರಶ್ನೆಯನ್ನು ಅಮೆರಿಕದ ಶಾಲಾಡಳಿತಗಾರರು ಎರಡು ದಶಕಗಳಿಂದ ತಮ್ಮ ಗಣಕ ದಾಖಲೆಗಳ ವಿಷಯದಲ್ಲಿ ಕೇಳಿಕೊಳ್ಳುತ್ತಿದ್ದಾರೆ. ವಿದ್ಯಾರ್ಥಿಗಳ ಹಾಜರಿ, ಅಂಕ, ಆರೋಗ್ಯ ವಿವರ, ಪೋಷಕರ ವಿಳಾಸ, ಶಿಕ್ಷಕರ ವೇತನ ಇವೆಲ್ಲವನ್ನೂ ನಿರ್ವಹಿಸುವ ತಂತ್ರಾಂಶವನ್ನು ತಮ್ಮದೇ ಸರ್ವರಿನಲ್ಲಿ ಸ್ಥಾಪಿಸಿಕೊಳ್ಳಬೇಕೇ ಅಥವಾ ತಂತ್ರಾಂಶ ಮಾರುವ ಕಂಪನಿಯ ಸರ್ವರಿನಲ್ಲೇ ಇರಿಸಿ ವರ್ಷಕ್ಕಿಷ್ಟು ಎಂದು ಚಂದಾ ತೆರಬೇಕೇ ಎಂಬುದು ಆ ಪ್ರಶ್ನೆ. ಕಳೆದ ಐದಾರು ವರ್ಷಗಳಲ್ಲಿ ಅಲ್ಲಿ ನಡೆದ ಘಟನೆಗಳು ಹಣ ತೆತ್ತು ತಂತ್ರಾಂಶ ಬಳಸುವ ಯಾವ ಉದ್ಯಮಿಗಾದರೂ ಉಪಯುಕ್ತವಾಗಿವೆ.

‘ಶಾಲಾ ಜಿಲ್ಲೆ’ ಎಂಬ ಪದವನ್ನು ಮೊದಲು ವಿವರಿಸುವುದು ಅಗತ್ಯ. ಅದು ನಮ್ಮ ಕಂದಾಯ ಜಿಲ್ಲೆಯಂತಲ್ಲ. ಬಹುಪಾಲು ರಾಜ್ಯಗಳಲ್ಲಿ ಅದು ಚುನಾಯಿತ ಮಂಡಳಿಯನ್ನೂ ತನ್ನದೇ ಆಯವ್ಯಯವನ್ನೂ ಹೊಂದಿದ, ಸ್ಥಳೀಯ ಆಸ್ತಿ ತೆರಿಗೆಯನ್ನು ಮುಖ್ಯ ಆದಾಯಗಳಲ್ಲೊಂದಾಗಿ ಉಳ್ಳ ಸ್ವತಂತ್ರ ಸಂಸ್ಥೆ. ಇಂತಹವು ಆ ದೇಶದಲ್ಲಿ ಸುಮಾರು 13,000 ಇವೆ. ಕೆಲವು ಜಿಲ್ಲೆಗಳಲ್ಲಿ ಲಕ್ಷಗಟ್ಟಲೆ ಮಕ್ಕಳಿದ್ದರೆ, ಕೆಲವೆಡೆ ನೂರಿನ್ನೂರು ಮಕ್ಕಳೂ ಇಲ್ಲ. ಕರ್ನಾಟಕದಲ್ಲಿ ಶಿಕ್ಷಣ ಇಲಾಖೆ ಇಡೀ ರಾಜ್ಯಕ್ಕೆ ‘ಸ್ಯಾಟ್ಸ್’ ಎಂಬ ಒಂದೇ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯನ್ನು ನಡೆಸುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಪ್ರತಿ ಜಿಲ್ಲೆಯೂ ತನ್ನ ಖರೀದಿಯನ್ನು ತಾನೇ ಮಾಡಬೇಕು, ಅದರ ಫಲವನ್ನೂ ತಾನೇ ಉಣ್ಣಬೇಕು.

ಬಂಡವಾಳ ವೆಚ್ಚವೋ, ವಾರ್ಷಿಕ ವೆಚ್ಚವೋ?

ಸ್ವಂತ ಸರ್ವರ್ ಕೊಂಡರೆ ಅದು ಬಂಡವಾಳ ವೆಚ್ಚ. ಅಲ್ಲಿನ ಜಿಲ್ಲೆಗಳು ಮತದಾರರ ಒಪ್ಪಿಗೆ ಪಡೆದು ಸಾಲಪತ್ರಗಳನ್ನು ಹೊರಡಿಸಿ ಇಂತಹ ವೆಚ್ಚವನ್ನು ಭರಿಸುವುದುಂಟು. ಯಂತ್ರಕ್ಕೆ ಸವಕಳಿ ಕಟ್ಟುತ್ತ ಹೋಗಬಹುದು. ಹಣ ಬಿಗಿಯಾದ ವರ್ಷದಲ್ಲಿ ಹಳೆಯ ಯಂತ್ರವನ್ನೇ ಇನ್ನೊಂದು ವರ್ಷ ದೂಡಬಹುದು. ಚಂದಾ ಹಾಗಲ್ಲ. ಅದು ವೇತನ, ವಿದ್ಯುತ್ ಬಿಲ್ಲುಗಳ ಸಾಲಿಗೆ ಸೇರುವ ವಾರ್ಷಿಕ ವೆಚ್ಚ. ಒಂದು ವರ್ಷ ತಪ್ಪಿದರೂ ತಂತ್ರಾಂಶದ ಬಾಗಿಲು ಮುಚ್ಚುತ್ತದೆ.

ಕೋವಿಡ್ ಕಾಲದಲ್ಲಿ ಈ ವ್ಯತ್ಯಾಸ ಮರೆಗೆ ಸರಿಯಿತು. 2020 ಮತ್ತು 2021ರಲ್ಲಿ ಅಮೆರಿಕದ ಸಂಸತ್ತು ಮೂರು ಕಾಯಿದೆಗಳ ಮೂಲಕ ಶಾಲೆಗಳಿಗೆ ಒಟ್ಟು ಸುಮಾರು 19,000 ಕೋಟಿ ಡಾಲರ್ ತುರ್ತು ಅನುದಾನ ನೀಡಿತು. ಮಕ್ಕಳು ಮನೆಯಲ್ಲಿ ಕುಳಿತು ಕಲಿಯುತ್ತಿದ್ದ ಆ ಅವಧಿಯಲ್ಲಿ ಅನೇಕ ಜಿಲ್ಲೆಗಳು ಈ ಹಣದಿಂದ ಹತ್ತಾರು ತಂತ್ರಾಂಶಗಳಿಗೆ ಚಂದಾದಾರರಾದವು. ಅನುದಾನದ ಕೊನೆಯ ಕಂತನ್ನು 2024ರ ಸೆಪ್ಟೆಂಬರ್ 30ರೊಳಗೆ ವೆಚ್ಚಕ್ಕೆ ಬದ್ಧಗೊಳಿಸಬೇಕಿತ್ತು. ಅನುದಾನ ನಿಂತಿತು, ಚಂದಾ ನಿಲ್ಲಲಿಲ್ಲ. ಒಂದು ಬಾರಿ ಬಂದ ಹಣದಿಂದ ಪ್ರತಿ ವರ್ಷದ ಖರ್ಚನ್ನು ಹೊತ್ತುಕೊಳ್ಳಬಾರದೆಂಬುದು ಲೆಕ್ಕಪತ್ರದ ಮೊದಲ ಪಾಠಗಳಲ್ಲೊಂದು. ಅದನ್ನು ಬಲ್ಲವರೂ ಆ ಗಡಿಬಿಡಿಯಲ್ಲಿ ಬದಿಗಿರಿಸಿದರು.

ಇದರ ನಡುವೆಯೇ ಲೆಕ್ಕಪತ್ರದ ನಿಯಮವೂ ಬದಲಾಯಿತು. ಅಮೆರಿಕದ ಸರ್ಕಾರಿ ಸಂಸ್ಥೆಗಳಿಗೆ ಲೆಕ್ಕಪತ್ರ ಮಾನದಂಡ ರೂಪಿಸುವ ‘ಗ್ಯಾಸ್ಬಿ’ ಮಂಡಳಿಯು 2020ರ ಮೇ ತಿಂಗಳಲ್ಲಿ ತನ್ನ 96ನೆಯ ಹೇಳಿಕೆಯನ್ನು ಪ್ರಕಟಿಸಿತು. 2022ರ ಜೂನ್ 15ರ ಅನಂತರ ಆರಂಭವಾಗುವ ಆರ್ಥಿಕ ವರ್ಷಗಳಿಗೆ ಅದು ಅನ್ವಯಿಸುತ್ತದೆ. ಅದರಂತೆ, ಹನ್ನೆರಡು ತಿಂಗಳಿಗೂ ದೀರ್ಘವಾದ ತಂತ್ರಾಂಶ ಚಂದಾ ಒಪ್ಪಂದವಿದ್ದರೆ ಮುಂದೆ ತೆರಬೇಕಾದ ಮೊತ್ತದ ಇಂದಿನ ಮೌಲ್ಯವನ್ನು ಅಢಾವೆ ಪತ್ರಿಕೆಯಲ್ಲಿ ಹೊಣೆಯಾಗಿ ತೋರಿಸಬೇಕು; ಅದಕ್ಕೆ ಪ್ರತಿಯಾಗಿ ತಂತ್ರಾಂಶ ಬಳಸುವ ಹಕ್ಕನ್ನು ಆಸ್ತಿಯ ಬದಿಯಲ್ಲಿ ತೋರಿಸಿ ಅವಧಿಗೆ ಹಂಚಬೇಕು. ಮೂರು ಅಥವಾ ಐದು ವರ್ಷದ ಒಪ್ಪಂದಕ್ಕೆ ರಿಯಾಯಿತಿ ದೊರೆಯುತ್ತದೆಂದು ಸಹಿ ಹಾಕಿದ ಜಿಲ್ಲೆಗಳಿಗೆ ತಾವು ಹೊತ್ತಿರುವ ಸಾಲದಂತಹ ಭಾರ ಮೊದಲ ಬಾರಿಗೆ ಅಂಕಿಯಲ್ಲಿ ಕಂಡಿತು. ಬಾಡಿಗೆಯೆಂದರೆ ಹಗುರ ಎಂಬ ಭಾವನೆಯನ್ನು ತಿದ್ದಿದ ಈ ಮಾನದಂಡ, ಗುಮಾಸ್ತರ ಕೆಲಸವನ್ನು ಹೆಚ್ಚಿಸಿತೆಂಬ ದೂರಿದ್ದರೂ, ಸ್ವಾಗತಾರ್ಹವೇ ಸರಿ.

ಸ್ವಂತ ಸರ್ವರಿನ ಅಪಾಯ

ಹಾಗಾದರೆ ಸ್ವಂತದ್ದೇ ಮೇಲೆಂದು ತೀರ್ಮಾನಿಸುವ ಮುನ್ನ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯ ಶಾಲೆಗಳಿಗೆ ಒದಗಿದ ಗತಿಯನ್ನು ನೋಡಬೇಕು. ಸುಮಾರು 1,15,000 ವಿದ್ಯಾರ್ಥಿಗಳ ಈ ಜಿಲ್ಲೆಯ ಗಣಕ ಜಾಲವನ್ನು 2020ರ ನವೆಂಬರಿನಲ್ಲಿ, ಕೃತಜ್ಞತಾ ದಿನದ ರಜೆಯ ಹೊಸ್ತಿಲಲ್ಲಿ, ಸುಲಿಗೆಕೋರರು ಬೀಗ ಹಾಕಿ ಹಣ ಕೇಳಿದರು. ಕೋವಿಡ್‌ನಿಂದಾಗಿ ಪಾಠಗಳೆಲ್ಲ ಅಂತರಜಾಲದ ಮೂಲಕವೇ ನಡೆಯುತ್ತಿದ್ದುದರಿಂದ ಶಾಲೆಯೇ ನಿಂತಿತು. ನೌಕರರ ವೇತನ ಹಾಗೂ ಕಡಿತಗಳ ಲೆಕ್ಕ ಬಹುಕಾಲ ಅಸ್ತವ್ಯಸ್ತವಾಯಿತು. 2023ರಲ್ಲಿ ಪ್ರಕಟವಾದ ರಾಜ್ಯದ ತನಿಖಾ ವರದಿಯ ಪ್ರಕಾರ ಇದರಿಂದಾದ ವೆಚ್ಚ ಸುಮಾರು ಒಂದು ಕೋಟಿ ಡಾಲರ್.

ಆ ವರದಿಯಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಜಾಲದ ರಚನೆಯಲ್ಲಿ ದೋಷವಿದೆಯೆಂದು ರಾಜ್ಯದ ಲೆಕ್ಕ ಪರಿಶೋಧಕರು ಮೊದಲೇ ಎಚ್ಚರಿಸಿದ್ದರು. ಹೊರಗಿನವರು ತಲುಪಬಹುದಾದ ಸರ್ವರುಗಳನ್ನು ಒಳಜಾಲದಿಂದ ಬೇರ್ಪಡಿಸಿರಲಿಲ್ಲ. ಇನ್ನೊಂದು, ಅನುಮಾನಾಸ್ಪದ ಮಿಂಚಂಚೆಯೊಂದನ್ನು ಪರೀಕ್ಷೆಗೆಂದು ಭದ್ರತಾ ಗುತ್ತಿಗೆದಾರನಿಗೆ ಕಳುಹಿಸಿದಾಗ ಆತನೇ ಅದನ್ನು ಸುರಕ್ಷಿತವಲ್ಲದ ಕಡೆ ತೆರೆದದ್ದು. ಪರಿಶೋಧನಾ ಆಕ್ಷೇಪಗಳು ಕಡತ ಸೇರಿ ಅಲ್ಲೇ ಉಳಿಯುವುದು ಎಲ್ಲ ದೇಶಗಳಲ್ಲೂ ಒಂದೇ ರೀತಿ ಎಂದು ತೋರುತ್ತದೆ. ಸ್ವಂತ ಸರ್ವರೆಂದರೆ ಯಂತ್ರದ ಬೆಲೆ ಮಾತ್ರವಲ್ಲ. ಹಗಲಿರುಳು ಅದನ್ನು ಕಾಯುವ, ದೋಷನಿವಾರಕಗಳನ್ನು ಕಾಲಕಾಲಕ್ಕೆ ಅಳವಡಿಸುವ, ಬ್ಯಾಕಪ್ ನಿಜವಾಗಿಯೂ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸುವ ಸಿಬ್ಬಂದಿಯ ವೇತನವೂ ಸೇರಬೇಕು. ಮಾರಾಟಗಾರರ ದರಪಟ್ಟಿಯೊಂದಿಗೆ ಹೋಲಿಸುವಾಗ ಜಿಲ್ಲೆಗಳು ಬಿಟ್ಟುಬಿಡುವ ಬಾಬ್ತು ಇದೇ.

ಬೀಗದ ಕೈ ಯಾರಲ್ಲಿತ್ತು?

ಎರಡೂ ಪಕ್ಷಗಳ ವಾದವನ್ನು ತಲೆಕೆಳಗು ಮಾಡಿದ ಘಟನೆ 2024ರ ಡಿಸೆಂಬರಿನದು. ಕ್ಯಾಲಿಫೋರ್ನಿಯಾದ ಪವರ್‌ಸ್ಕೂಲ್ ಉತ್ತರ ಅಮೆರಿಕದ ಶಾಲಾ ದಾಖಲೆ ತಂತ್ರಾಂಶಗಳಲ್ಲಿ ಅತಿ ದೊಡ್ಡ ಹೆಸರು. 1997ರಲ್ಲಿ ಆರಂಭವಾಗಿ, 2001ರಲ್ಲಿ ಆಪಲ್, 2006ರಲ್ಲಿ ಪಿಯರ್ಸನ್, 2015ರಲ್ಲಿ ವಿಸ್ಟಾ ಎಂಬ ಹೂಡಿಕೆ ಸಂಸ್ಥೆ ಹೀಗೆ ಕೈಯಿಂದ ಕೈಗೆ ಬಂದು, 2024ರಲ್ಲಿ 560 ಕೋಟಿ ಡಾಲರಿಗೆ ಬೇನ್ ಕ್ಯಾಪಿಟಲ್ ಪಾಲಾಯಿತು. ಅದು ತನ್ನ ಸರ್ವರಿನಲ್ಲಿಯೂ ತಂತ್ರಾಂಶ ನಡೆಸಿಕೊಡುತ್ತದೆ. ಜಿಲ್ಲೆಯ ಸರ್ವರಿನಲ್ಲಿ ಸ್ಥಾಪಿಸಿಕೊಳ್ಳಲೂ ಅವಕಾಶವಿತ್ತು. ಅನೇಕ ಜಿಲ್ಲೆಗಳು ದಾಖಲೆ ತಮ್ಮ ಕಟ್ಟಡದಲ್ಲೇ ಇರಲೆಂದು ಎರಡನೆಯದನ್ನು ಆರಿಸಿಕೊಂಡಿದ್ದವು.

ಸುಲಿಗೆಕೋರ ಒಳನುಗ್ಗಿದ್ದು ಜಿಲ್ಲೆಗಳ ಬಾಗಿಲಿನಿಂದಲ್ಲ. ಕಂಪನಿಯ ಗ್ರಾಹಕ ಸಹಾಯ ಜಾಲತಾಣಕ್ಕೆ ಕದ್ದ ಪಾಸ್‌ವರ್ಡ್ ಬಳಸಿ ಪ್ರವೇಶಿಸಿ, ಅಲ್ಲಿದ್ದ ದೂರ ನಿರ್ವಹಣೆಯ ಸಾಧನದಿಂದ ಗ್ರಾಹಕರ ದಾಖಲೆಗಳನ್ನು ನಕಲು ಮಾಡಿಕೊಂಡನು. ಆ ಸಾಧನ ಜಿಲ್ಲೆಗಳ ಸ್ವಂತ ಸರ್ವರುಗಳನ್ನೂ ತಲುಪುತ್ತಿತ್ತು. ಏಕೆಂದರೆ ತಂತ್ರಾಂಶ ಕೆಟ್ಟಾಗ ಕಂಪನಿಯ ತಂತ್ರಜ್ಞ ದೂರದಿಂದಲೇ ಸರಿಪಡಿಸಲೆಂದು ಜಿಲ್ಲೆಗಳು ಆ ಮಾರ್ಗವನ್ನು ಸದಾ ತೆರೆದಿಟ್ಟಿದ್ದವು. ಅದನ್ನು ಮುಚ್ಚಿಟ್ಟಿದ್ದವರು ಪಾರಾದರು. ಗೋದಾಮು ಸ್ವಂತದ್ದೇ ಆಗಿದ್ದರೂ ಒಂದು ಬೀಗದ ಕೈ ಬೇರೆಯವರ ಗಲ್ಲಾಪೆಟ್ಟಿಗೆಯಲ್ಲಿತ್ತು.

ಡಿಸೆಂಬರ್ 28ರಂದು ಕಂಪನಿಗೆ ವಿಷಯ ತಿಳಿಯಿತು. ಜಿಲ್ಲೆಗಳಿಗೆ ತಿಳಿಸಿದ್ದು 2025ರ ಜನವರಿ 7ರಂದು. ಸುಮಾರು 28.5 ಲಕ್ಷ ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡದಿದ್ದರೆ ಆರು ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಮತ್ತು ಒಂದು ಕೋಟಿ ಶಿಕ್ಷಕರ ವಿವರಗಳನ್ನು ಬಹಿರಂಗಪಡಿಸುವುದಾಗಿ ಬೆದರಿಕೆ ಬಂದಿತ್ತೆಂದು ಅಮೆರಿಕದ ನ್ಯಾಯಾಂಗ ಇಲಾಖೆ ಹೇಳಿದೆ. ಕಂಪನಿ ಹಣ ತೆತ್ತಿತು. ಆದರೂ 2025ರ ಮೇ ತಿಂಗಳಲ್ಲಿ ಅದೇ ದಾಖಲೆಗಳನ್ನು ಹಿಡಿದು ಕೆಲವು ಜಿಲ್ಲೆಗಳಿಗೇ ನೇರವಾಗಿ ಸುಲಿಗೆ ಪತ್ರಗಳು ಬಂದವು. ತಪ್ಪೊಪ್ಪಿಕೊಂಡ ಮಸ್ಯಾಚುಸೆಟ್ಸಿನ ಕಾಲೇಜು ವಿದ್ಯಾರ್ಥಿಯೊಬ್ಬನಿಗೆ ಅದೇ ವರ್ಷದ ಅಕ್ಟೋಬರಿನಲ್ಲಿ ನಾಲ್ಕು ವರ್ಷ ಸೆರೆವಾಸ ಮತ್ತು 1.4 ಕೋಟಿ ಡಾಲರಿಗೂ ಮೀರಿದ ನಷ್ಟಭರ್ತಿ ವಿಧಿಸಲಾಯಿತು. ಅಷ್ಟು ಮೊತ್ತ ಆತನಿಂದ ವಸೂಲಾಗುವುದೆಂದು ಯಾವ ಲೆಕ್ಕಿಗನೂ ಜಮಾ ಬದಿಯಲ್ಲಿ ಬರೆದುಕೊಳ್ಳಲಾರ.

ಕೆನಡಾದ ಶಾಲಾ ಮಂಡಳಿಗಳೂ ಈ ತಂತ್ರಾಂಶದ ಗ್ರಾಹಕರೇ. ಟೊರಾಂಟೊ ಮಂಡಳಿಯಲ್ಲಿ 1985ರಷ್ಟು ಹಿಂದೆ ಓದಿದವರ ವಿವರಗಳೂ ಸೋರಿದ್ದವು. ನಲವತ್ತು ವರ್ಷದ ಹಿಂದಿನ ವಿದ್ಯಾರ್ಥಿಗಳ ದಾಖಲೆ ಚಾಲ್ತಿ ತಂತ್ರಾಂಶದಲ್ಲಿ ಏಕಿರಬೇಕು? ಸರ್ವರಿನಲ್ಲಿ ಜಾಗ ಅಗ್ಗವಾದುದರಿಂದ ಯಾರೂ ತೆಗೆಯಲಿಲ್ಲ ಎಂಬುದಲ್ಲದೆ ಬೇರೆ ಕಾರಣ ಕಾಣುವುದಿಲ್ಲ. 2025ರ ನವೆಂಬರಿನಲ್ಲಿ ಒಂಟಾರಿಯೊ ಮತ್ತು ಆಲ್ಬರ್ಟಾ ಪ್ರಾಂತಗಳ ಖಾಸಗಿತನ ಆಯುಕ್ತರು ತಮ್ಮ ತನಿಖಾ ವರದಿಗಳನ್ನು ಪ್ರಕಟಿಸಿ, ಕಂಪನಿಯೊಂದಿಗಿನ ಒಪ್ಪಂದಗಳಲ್ಲಿ ಭದ್ರತೆಯ ಅಗತ್ಯ ಷರತ್ತುಗಳಿರಲಿಲ್ಲ, ದೂರ ಪ್ರವೇಶವನ್ನು ಬೇಕಾದಾಗ ಮಾತ್ರ ತೆರೆಯುವ ಕ್ರಮವಿರಲಿಲ್ಲ, ಮೇಲ್ವಿಚಾರಣೆಯೂ ಸಾಲದಾಗಿತ್ತು ಎಂದು ಶಾಲಾ ಮಂಡಳಿಗಳನ್ನೇ ಹೊಣೆ ಮಾಡಿದರು. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು ಎಂಬುದು ಅವರ ನಿಲುವು. ಅಮೆರಿಕದ 1974ರ ವಿದ್ಯಾರ್ಥಿ ದಾಖಲೆ ಕಾಯಿದೆಯ ನಿಯಮವೂ ಹೊರಗಿನ ಕಂಪನಿಗೆ ಇಂತಹ ಕೆಲಸ ಒಪ್ಪಿಸುವಾಗ ಅದು ದಾಖಲೆಗಳ ವಿಷಯದಲ್ಲಿ ಶಾಲೆಯ ನೇರ ಹತೋಟಿಯಲ್ಲಿರಬೇಕೆಂದು ಹೇಳುತ್ತದೆ.

ಮಾರಾಟಗಾರನೇ ಮುಳುಗಿದರೆ?

ಲಾಸ್ ಏಂಜಲೀಸ್ ಜಿಲ್ಲೆಯು 2024ರ ಮಾರ್ಚ್ ತಿಂಗಳಲ್ಲಿ ‘ಎಡ್’ ಎಂಬ ಸಂಭಾಷಣಾ ತಂತ್ರಾಂಶವನ್ನು ವಿಜೃಂಭಣೆಯಿಂದ ಬಿಡುಗಡೆ ಮಾಡಿತು. ಅದನ್ನು ತಯಾರಿಸಿದ ಆಲ್‌ಹಿಯರ್ ಎಂಬ ಕಂಪನಿಯೊಂದಿಗಿನ ಗುತ್ತಿಗೆ ಸುಮಾರು 60 ಲಕ್ಷ ಡಾಲರಿನದು. ಅದೇ ಜೂನ್ ವೇಳೆಗೆ ಕಂಪನಿ ತನ್ನ ಬಹುಪಾಲು ಸಿಬ್ಬಂದಿಯನ್ನು ಮನೆಗೆ ಕಳುಹಿಸಿ ಕುಸಿದುಬಿತ್ತು. ಆ ಹೊತ್ತಿಗೆ ಜಿಲ್ಲೆ ಅರ್ಧದಷ್ಟು ಹಣ ಪಾವತಿಸಿಯಾಗಿತ್ತು. ಪೂರೈಕೆದಾರನ ಅಢಾವೆ ಪತ್ರಿಕೆಯನ್ನು ತರಿಸಿ ನೋಡುವ ಪದ್ಧತಿ ಸರಕಿನ ವ್ಯಾಪಾರದಲ್ಲಿರುವಷ್ಟು ತಂತ್ರಾಂಶದ ಖರೀದಿಯಲ್ಲಿಲ್ಲ. ಹೊರಹೋಗುವಾಗ ದಾಖಲೆಗಳನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಯಾವ ಶುಲ್ಕಕ್ಕೆ ಮರಳಿಸಬೇಕು, ಆ ಬಳಿಕ ತನ್ನಲ್ಲಿನ ಪ್ರತಿಗಳನ್ನು ಅಳಿಸಿದ್ದಕ್ಕೆ ಏನು ಪ್ರಮಾಣ ಎಂಬುದನ್ನು ಒಳಬರುವ ದಿನವೇ ಬರೆಸಿಕೊಳ್ಳಬೇಕು. ದಾಖಲೆ ಕೈಸೇರಿದ ಮೇಲೆ ಚೌಕಾಸಿಯ ಬಲವೆಲ್ಲ ಮಾರಾಟಗಾರನದು.

ಇಷ್ಟನ್ನೂ ತೂಗಿ ನೋಡಿದರೆ, ಪೂರ್ಣಾವಧಿ ತಂತ್ರಜ್ಞರನ್ನು ಇಟ್ಟುಕೊಳ್ಳಲಾಗದ ಸಣ್ಣ ಜಿಲ್ಲೆಗಳಿಗೆ ಮಾರಾಟಗಾರನ ಸರ್ವರೇ ಯೋಗ್ಯ. ಒಬ್ಬನೇ ನೌಕರ ಮುದ್ರಣಯಂತ್ರದ ಕಾಗದ ಸಿಕ್ಕಿದ್ದನ್ನೂ ಬಿಡಿಸುತ್ತ, ಸರ್ವರನ್ನೂ ಕಾಯುವ ಕಡೆ ಸ್ವಂತ ಸರ್ವರಿನ ಹೆಮ್ಮೆ ದುಬಾರಿಯಾದೀತು. ಆದರೆ ಆ ಜಿಲ್ಲೆಗಳು ಒಪ್ಪಂದವನ್ನು ಒಂಟಿಯಾಗಿ ಮಾಡಿಕೊಳ್ಳದೆ, ನೆರೆಯ ಜಿಲ್ಲೆಗಳೊಂದಿಗೆ ಕೂಡಿ ಚೌಕಾಸಿ ಮಾಡುವುದು ಲೇಸು. ದೊಡ್ಡ ಜಿಲ್ಲೆಗಳಿಗೆ ಸ್ವಂತ ವ್ಯವಸ್ಥೆ ಸಾಧ್ಯ. ಅವರೂ ಕಂಪನಿಯ ದೂರ ಪ್ರವೇಶವನ್ನು ದುರಸ್ತಿಯ ವೇಳೆಗಷ್ಟೇ ತೆರೆದು, ಕೆಲಸ ಮುಗಿದೊಡನೆ ಮುಚ್ಚಿ, ತೆರೆದದ್ದರ ದಾಖಲೆಯಿಡಬೇಕು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ನಮ್ಮಲ್ಲಿ ಲೆಕ್ಕದ ಪುಸ್ತಕಗಳನ್ನು ಹೊರಗಿನವರ ಸರ್ವರಿನಲ್ಲಿ ಇರಿಸಿರುವ ಕಂಪನಿಗಳಿಗೂ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿರುವ ವರ್ತಕರಿಗೂ ಈ ವಿಷಯ ದೂರದ್ದಲ್ಲ. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟಿನಲ್ಲಿ ಆದ ತಿದ್ದುಪಡಿಯ ಪ್ರಕಾರ, ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರಿನಲ್ಲಿ ಇರಬೇಕು. ಸೇವೆ ಒದಗಿಸುವವರ ಹೆಸರು ಮತ್ತು ಸ್ಥಳವನ್ನು ವರ್ಷವರ್ಷವೂ ರಿಜಿಸ್ಟ್ರಾರರಿಗೆ ತಿಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಬಾಧ್ಯತೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಗುತ್ತಿಗೆದಾರ ಸಂಸ್ಥೆಯ ಮೂಲಕ ನಡೆಸಿದ ಕೆಲಸಕ್ಕೂ ದತ್ತಾಂಶ ಸಂಗ್ರಹಿಸಿದವರೇ ಹೊಣೆ, ಒಪ್ಪಂದದಲ್ಲಿ ಏನೇ ಬರೆದಿರಲಿ. ಭದ್ರತಾ ಲೋಪಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಹದಿನೆಂಟು ವರ್ಷ ತುಂಬದವರೆಲ್ಲ ಈ ಕಾಯಿದೆಯ ದೃಷ್ಟಿಯಲ್ಲಿ ಮಕ್ಕಳು. ಅವರ ವಿವರಗಳನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಶಿಕ್ಷಣ ಸಂಸ್ಥೆಗಳಿಗೆ ಕೆಲವು ನಿರ್ದಿಷ್ಟ ಉದ್ದೇಶಗಳ ಮಟ್ಟಿಗೆ ಮಾತ್ರ ನಿಯಮಗಳಲ್ಲಿ ವಿನಾಯಿತಿ ಕೊಡಲಾಗಿದೆ.