ಲೈಟು ಮಿಣುಕಿದಾಗ ಗಿಟಾರಿಗೇನಾಗುತ್ತದೆ

ತಮಿಳುನಾಡಿನ ಪಲ್ಲಡಂ ಕಡೆಯ ಹಳ್ಳಿಗಳಲ್ಲಿ ಮಾರಿಯಮ್ಮನ ಜಾತ್ರೆಗೆ ರಾತ್ರಿ ಆರ್ಕೆಸ್ಟ್ರಾ ಇದ್ದರೇ ಕಳೆ. ವೇದಿಕೆಗೆ ಕರೆಂಟು ಬರುವುದು ಊರಿನ ಟ್ರಾನ್ಸ್‌ಫಾರ್ಮರಿನಿಂದ. ಅದೇ ಟ್ರಾನ್ಸ್‌ಫಾರ್ಮರನ್ನು ನಂಬಿಕೊಂಡು ಸುತ್ತಮುತ್ತ ಪವರ್‌ಲೂಮ್ ಶೆಡ್ಡುಗಳು, ಕೋಳಿ ಫಾರಂಗಳು, ತೆಂಗಿನ ತೋಟದ ಪಂಪ್‌ಸೆಟ್ಟುಗಳು ಇರುತ್ತವೆ. ನಿಂತಿರುವ ಮೋಟಾರು ಹೊರಡುವಾಗ, ಓಡುವಾಗ ಬೇಕಾಗುವುದರ ಐದಾರು ಪಟ್ಟು ಕರೆಂಟನ್ನು ಒಂದೆರಡು ಸೆಕೆಂಡ್ ಎಳೆಯುತ್ತದೆ. ಆಗ ವೇದಿಕೆಯಲ್ಲಿ ಹಳೆಯ ಗುಂಡು ಬಲ್ಬೇನಾದರೂ ಇದ್ದರೆ ಮಂಕಾಗಿ ಮತ್ತೆ ಬೆಳಗುತ್ತದೆ. ಹಾಡುವವರು ಹಾಡುತ್ತಲೇ ಇರುತ್ತಾರೆ, ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ಗಿಟಾರಿನವರು ಮಾತ್ರ ಕಾಲ ಬುಡದ ಪೆಟ್ಟಿಗೆಯ ಪರದೆಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ.

ಈ ಸೀಮೆಯಲ್ಲಿ ಮೋಟಾರಿನಿಂದ ತಪ್ಪಿಸಿಕೊಳ್ಳುವಂತಿಲ್ಲ. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ತು ನೀಲಗಿರಿ ಇಳಿದು ಬಂದ ಮೇಲೆ ಕೊಯಮತ್ತೂರಿನ ಗಿರಣಿಗಳು ಹಬ್ಬಿದವು. ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು 1937ರಲ್ಲಿ ಮೊದಲ ಸ್ವದೇಶಿ ವಿದ್ಯುತ್ ಮೋಟಾರು ತಯಾರಿಸಿದ್ದೂ ಇಲ್ಲೇ. ಇವತ್ತಿಗೂ ಕೊಯಮತ್ತೂರೆಂದರೆ ಪಂಪು ಮತ್ತು ವೆಟ್ ಗ್ರೈಂಡರ್, ತಿರುಪ್ಪೂರೆಂದರೆ ಬನಿಯನ್ನು. 2012ರ ಸುಮಾರಿನ ತಮಿಳುನಾಡಿನ ವಿದ್ಯುತ್ ಅಭಾವದಲ್ಲಿ ಈ ಎರಡು ಜಿಲ್ಲೆಗಳು ಅರ್ಧ ದಿನ ಕರೆಂಟೇ ಇಲ್ಲದ ಕಾಲವನ್ನೂ ಕಂಡಿವೆ. ಆಮೇಲೆ ಕಲ್ಯಾಣ ಮಂಟಪ ಬುಕ್ ಮಾಡುವವರು ಊಟದ ಹಾಲ್ ನೋಡುವ ಮೊದಲು ಜನರೇಟರ್ ನೋಡತೊಡಗಿದರು ಎಂದರೆ ಅತಿಶಯವೇನಲ್ಲ.

ಗಿಟಾರಿನವರ ಕಾಲ ಬುಡದ ಆ ಪೆಟ್ಟಿಗೆಯನ್ನು, ಅಂದರೆ ಗಾಜಿನ ವಾಲ್ವಿನ ಆಂಪ್ಲಿಫೈಯರಿನ ದನಿಯನ್ನು ಲೆಕ್ಕದಿಂದ ಹುಟ್ಟಿಸುವ ಡಿಜಿಟಲ್ ಆಂಪ್ ಮಾಡೆಲರನ್ನು, ವೇದಿಕೆಯ ಮೇಲೆ ನಂಬಬಹುದೇ ಎಂಬ ವಾದವನ್ನು ಇಂಥ ಜಾಗದಲ್ಲಿಟ್ಟು ನೋಡಬೇಕು. ವಾದ ಸಾಮಾನ್ಯವಾಗಿ ನಾದದ ಸುತ್ತಲೇ ಸುತ್ತುತ್ತದೆ: ವಾಲ್ವ್ ಆಂಪಿನ ಆ ಬಿಸಿ, ಆ ಕೊಬ್ಬು ಡಿಜಿಟಲ್‌ನಲ್ಲಿ ಬರುತ್ತದೋ ಇಲ್ಲವೋ ಎಂದು. ಬರುತ್ತದೆ, ಕಲ್ಯಾಣ ಮಂಟಪದ ಗದ್ದಲಕ್ಕೆ ಸಾಕಾಗಿ ಮಿಗುವಷ್ಟು ಬರುತ್ತದೆ. ಉಳಿಯುವ ಪ್ರಶ್ನೆ ಪೆಟ್ಟಿಗೆ ಯಾವಾಗ ಕೈಕೊಡುತ್ತದೆ ಎಂಬುದು. ಅದಕ್ಕೆ ಉತ್ತರ ಪೆಟ್ಟಿಗೆಯೊಳಗಿನ ಗಣಿತಕ್ಕಿಂತ ಹೆಚ್ಚಾಗಿ, ಕರೆಂಟು ಯಾವ ರೀತಿಯಲ್ಲಿ ಕೆಡುತ್ತದೆ ಎಂಬುದರಲ್ಲಿದೆ.

ಆದರೂ ಗಣಿತವನ್ನು ಒಮ್ಮೆ ನೋಡೋಣ. ವಾಲ್ವ್ ಆಂಪಿಗೆ ಅದು ತಾಳುವುದಕ್ಕಿಂತ ದೊಡ್ಡ ಸಂಕೇತ ಕೊಟ್ಟರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದಾಗ ಮೂಲ ಸ್ವರದಲ್ಲಿರದಿದ್ದ ಮೇಲಿನ ಸ್ವರಗಳು ಹುಟ್ಟುತ್ತವೆ. ರಾಕ್ ಗಿಟಾರಿನ ಒರಟು ದನಿಯ ಮೂಲ ಇದೇ. ಮಾಡೆಲರು ತಂತಿಯ ಕಂಪನವನ್ನು ಸೆಕೆಂಡಿಗೆ 48,000 ಸಲ ಅಳೆದು ಸಂಖ್ಯೆಯಾಗಿಸಿ, ಪ್ರತಿ ಸಂಖ್ಯೆಯನ್ನೂ ವಾಲ್ವಿನ ವರ್ತನೆಯ ಸೂತ್ರದ ಮೂಲಕ ಹಾಯಿಸುತ್ತದೆ. ಈ ವೇಗದಲ್ಲಿ ಅಳೆದಾಗ 24,000 ಹರ್ಟ್ಸ್‌ಗಿಂತ ಮೇಲಿನ ಸ್ವರಕ್ಕೆ ಜಾಗವಿಲ್ಲ. ಅಂಥದ್ದು ಹುಟ್ಟಿದರೆ ಅದು ಮಡಚಿಕೊಂಡು ಕೆಳಗೆ ಬಂದು ಅಪಸ್ವರವಾಗಿ ಕೇಳಿಸುತ್ತದೆ. ಅದನ್ನು ತಪ್ಪಿಸಲು ವಾಲ್ವಿನ ಲೆಕ್ಕವನ್ನು ಒಳಗೊಳಗೇ ಹಲವು ಪಟ್ಟು ಹೆಚ್ಚು ವೇಗದಲ್ಲಿ ನಡೆಸಬೇಕಾಗುತ್ತದೆ. ಸ್ಪೀಕರಿನ ಗುಣವನ್ನು ಸೇರಿಸಲು ನಿಜವಾದ ಸ್ಪೀಕರಿನ ಪ್ರತಿಸ್ಪಂದನವನ್ನು 2,048 ಸಂಖ್ಯೆಗಳಾಗಿ, ಅಂದರೆ ಸುಮಾರು 43 ಮಿಲಿಸೆಕೆಂಡಿನಷ್ಟು, ಹಿಡಿದಿಟ್ಟಿರುತ್ತಾರೆ. ಒಂದೊಂದು ಅಳತೆಗೂ ಅಷ್ಟೂ ಸಂಖ್ಯೆಗಳಿಂದ ಗುಣಿಸಿ ಕೂಡುತ್ತ ಹೋದರೆ ಸೆಕೆಂಡಿಗೆ 9 ಕೋಟಿಗೂ ಮೀರಿದ ಗುಣಾಕಾರ. ಜಾಣ ಲೆಕ್ಕದ ದಾರಿಗಳಿಂದ ಅದನ್ನು ಇಳಿಸುತ್ತಾರೆ, ಆದರೂ ಹೊರೆ ಹೊರೆಯೇ.

ಈ ಲೆಕ್ಕ ಒಂದು ಮಿಲಿಸೆಕೆಂಡ್ ತಡವಾದರೂ ಸ್ಪೀಕರಿನಲ್ಲಿ ‘ಟಕ್’ ಎನ್ನುತ್ತದೆ. ಲ್ಯಾಪ್‌ಟಾಪಿನಲ್ಲಿ ಹಾಗಾಗಬಹುದು, ಏಕೆಂದರೆ ಅದಕ್ಕೆ ನೂರೆಂಟು ಬೇರೆ ಕೆಲಸಗಳಿವೆ. ಮಾಡೆಲರಿನ ಚಿಪ್ಪಿಗೆ ಇದೊಂದೇ ಕಸುಬು. ಲೈನ್ 6 ಕಂಪನಿಯ ಹೀಲಿಕ್ಸ್‌ನಲ್ಲಿ ನಾನು ಮೆಚ್ಚುವ ಸಂಗತಿಯೊಂದಿದೆ: ಒಂದು ದನಿಗೆ ಒಂದರ ಮೇಲೊಂದು ಎಫೆಕ್ಟ್ ಸೇರಿಸುತ್ತ ಹೋದರೆ, ಚಿಪ್ಪಿನ ಶಕ್ತಿ ಮುಗಿಯುವ ಹಂತದಲ್ಲಿ ಉಳಿದ ಎಫೆಕ್ಟುಗಳು ಪಟ್ಟಿಯಲ್ಲಿ ಬೂದು ಬಣ್ಣಕ್ಕೆ ತಿರುಗುತ್ತವೆ, ಆರಿಸಲು ಬರುವುದಿಲ್ಲ. ನುಡಿಸುವವರಿಗೆ ಇದು ಕಿರಿಕಿರಿ. ಎಂಜಿನಿಯರಿಗೆ ಮಾತ್ರ ಗೊತ್ತು, ಮನೆಯಲ್ಲೇ ‘ಆಗುವುದಿಲ್ಲ’ ಎಂದುಬಿಟ್ಟ ಯಂತ್ರ ವೇದಿಕೆಯ ಮೇಲೆ ಮುಗ್ಗರಿಸುವುದು ಅಪರೂಪ ಎಂದು.

ಇಲ್ಲಿಯ ವೇದಿಕೆಗಳಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಹೊಸದಲ್ಲ. ಎಂಜಿನಿಯರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಮದ್ರಾಸಿನಲ್ಲಿ ತೋರಿಸಿದಾಗ ಸಂಪ್ರದಾಯಸ್ಥ ಸಂಗೀತಗಾರರು ಅನುಮಾನದಿಂದಲೇ ನೋಡಿದರು. ಮುಂದೆ ರಾಜ್ ನಾರಾಯಣ್ ಅವರ ರಾಡೆಲ್ ಕಂಪನಿಯ ಪೆಟ್ಟಿಗೆಗಳು ಕಛೇರಿಗಳ ವೇದಿಕೆ ಏರಿದವು. ತಂತಿ ಹರಿಯುವುದಿಲ್ಲ, ಬಿಸಿಲಿಗೆ ಶ್ರುತಿ ಇಳಿಯುವುದಿಲ್ಲ. ಸಿನಿಮಾ ಹಾಡಿನ ಆರ್ಕೆಸ್ಟ್ರಾಗಳಂತೂ 1980ರ ದಶಕದಿಂದ ಕೀಬೋರ್ಡ್, ಆಕ್ಟಾಪ್ಯಾಡ್ ಅಪ್ಪಿಕೊಂಡಿವೆ. ಗಿಟಾರಿನವರ ಸರದಿ ಆಮೇಲೆ ಬಂತು: ಲೈನ್ 6ರ ಪಾಡ್ 1998ರಲ್ಲಿ, ಫ್ರ್ಯಾಕ್ಟಲ್‌ನ ಆಕ್ಸ್-ಎಫ್‌ಎಕ್ಸ್ 2006ರಲ್ಲಿ, ಜರ್ಮನಿಯ ಕೆಂಪರ್ 2011ರಲ್ಲಿ, ಹೀಲಿಕ್ಸ್ 2015ರಲ್ಲಿ. ಒಂದೇ ರಾತ್ರಿಯಲ್ಲಿ ಇಳಯರಾಜ ಅವರ ನೈಲಾನ್ ತಂತಿಯ ಮೆದು ಗಿಟಾರಿನಿಂದ ರೆಹಮಾನರ ಒರಟು ರಿಫ್‌ವರೆಗೆ ಹಾರಬೇಕಾದವರಿಗೆ ಒಂದೇ ದನಿಯ ವಾಲ್ವ್ ಆಂಪ್ ಯಾವತ್ತೂ ಸಾಲುತ್ತಿರಲಿಲ್ಲ.

ಸಾಗಣೆಯ ಮಾತೂ ಇದೆ. ಮೈಸೂರು, ಚಾಮರಾಜನಗರದ ಕಡೆಯಿಂದ ಕೊಯಮತ್ತೂರಿಗೆ ಹೋಗುವ ಗಾಡಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ಫೆಂಡರ್ ಟ್ವಿನ್ ರಿವರ್ಬ್‌ನಂಥ ವಾಲ್ವ್ ಆಂಪ್ 29 ಕಿಲೋ ತೂಗುತ್ತದೆ. ಗಾಜಿನ ವಾಲ್ವುಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ತಿರುವು ತಿರುವಿಗೂ ಕುಲುಕಿ ಒಳಗಿನ ಲೋಹದ ಜಾಲರಿ ಸಡಿಲವಾದರೆ ಆಂಪು ತಟ್ಟಿದಾಗಲೆಲ್ಲ ಮಣಮಣ ಎನ್ನುತ್ತದೆ. ಚಿಕ್ಕ ಮಾಡೆಲರು ಒಂದು ಕಿಲೋ ಕೂಡ ಇಲ್ಲ, ಗಿಟಾರ್ ಚೀಲದ ಜೇಬಿನಲ್ಲಿ ಬರುತ್ತದೆ. ಇಷ್ಟರ ಮಟ್ಟಿಗೆ ಡಿಜಿಟಲ್ ಗೆದ್ದಂತೆಯೇ.

ಈಗ ಕರೆಂಟಿಗೆ ಬರೋಣ. ಅದು ಮೂರು ರೀತಿ ಕೆಡುತ್ತದೆ, ಮೂರಕ್ಕೂ ಮೂರು ಬೇರೆ ಉತ್ತರ.

ಮೊದಲನೆಯದು ವೋಲ್ಟೇಜ್ ಇಳಿಯುವುದು. 230 ಇರಬೇಕಾದದ್ದು ಪಂಪ್‌ಸೆಟ್ ಎಳೆತಕ್ಕೆ 160ಕ್ಕೆ ಬಿತ್ತೆನ್ನಿ. ವಾಲ್ವಿನ ಒಳಗಿನ ತಂತಿ ಕಾಯಲು 6.3 ವೋಲ್ಟ್ ಬೇಕು. ಆಂಪಿನ ಟ್ರಾನ್ಸ್‌ಫಾರ್ಮರು ಬಂದದ್ದನ್ನು ಅದೇ ಅನುಪಾತದಲ್ಲಿ ಇಳಿಸಿ ಕೊಡುವುದರಿಂದ ಈಗ ಸಿಗುವುದು 4.4 ವೋಲ್ಟ್. ಇಳಿತ ಹಾಗೇ ಮುಂದುವರಿದರೆ ದನಿ ಸೊರಗುತ್ತದೆ, ಗಿಟಾರ್ ಎಲ್ಲೋ ಹಿಂದೆ ಸರಿದಂತೆ ಕೇಳುತ್ತದೆ. ಮಾಡೆಲರಿನ ಅಡಾಪ್ಟರು ಮೊಬೈಲ್ ಚಾರ್ಜರಿನ ಜಾತಿಗೆ ಸೇರಿದ್ದು, 100ರಿಂದ 240 ವೋಲ್ಟ್‌ವರೆಗೆ ಎಷ್ಟೇ ಬಂದರೂ ಹೊರಗೆ ಕೊಡುವುದು ಒಂದೇ. 160 ವೋಲ್ಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಪಲ್ಲಡಂ, ಸೋಮನೂರಿನಂಥ ಕಡೆಗಳಲ್ಲಿ ಈ ಬಗೆಯ ತೊಂದರೆಯೇ ಹೆಚ್ಚು ಎಂದಾದರೆ ಡಿಜಿಟಲ್ಲೇ ಹೆಚ್ಚು ನಂಬಿಗಸ್ತ.

ಎರಡನೆಯದು ಕರೆಂಟು ಕ್ಷಣಕಾಲ ಪೂರ್ತಿ ಹೋಗುವುದು. ಇಲ್ಲಿ ಆಟ ತಿರುಗುತ್ತದೆ. ಕರೆಂಟು ಹೋಗಿ ಜನರೇಟರಿಗೆ ಬದಲಾಗಲು ಕೆಲವು ಸೆಕೆಂಡಾದರೂ ಬೇಕು. ವಾಲ್ವಿನ ಕಾದ ತಂತಿ ಅಷ್ಟರಲ್ಲಿ ಪೂರ್ತಿ ಆರುವುದಿಲ್ಲ. ಒಂದೆರಡು ಸೆಕೆಂಡಿನಲ್ಲಿ ಕರೆಂಟು ಬಂದರೆ ದನಿಯೂ ಅದರ ಬೆನ್ನಿಗೇ ಮರಳುತ್ತದೆ. ಮಾಡೆಲರಿಗೆ ಆ ಅವಕಾಶವಿಲ್ಲ. ಅಡಾಪ್ಟರಿನ ಕೆಪಾಸಿಟರಿನಲ್ಲಿ ಉಳಿದಿರುವ ವಿದ್ಯುತ್ತು ಅದನ್ನು 10ರಿಂದ 20 ಮಿಲಿಸೆಕೆಂಡ್ ಎತ್ತಿ ಹಿಡಿದೀತು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಪೂರ್ತಿ ಆವರ್ತ 20 ಮಿಲಿಸೆಕೆಂಡ್. ಅಂದರೆ ಒಂದು ಆವರ್ತ ತಪ್ಪಿದರೆ ಪೆಟ್ಟಿಗೆ ಸತ್ತು ಹುಟ್ಟಬೇಕು. ದೊಡ್ಡ ಮಾಡೆಲರುಗಳು ಮತ್ತೆ ಏಳಲು ಅರ್ಧ ನಿಮಿಷದ ಆಸುಪಾಸು ತೆಗೆದುಕೊಳ್ಳುತ್ತವೆ. ಪರದೆಯ ಮೇಲೆ ಕಂಪನಿಯ ಲಾಂಛನ ಮೆರೆಯುತ್ತಿರುವಾಗ ಚರಣ ಮುಗಿದು ಪಲ್ಲವಿಗೆ ಬಂದಿರುತ್ತದೆ.

ಇದಕ್ಕೆ ಪರಿಹಾರ ಕಂಪ್ಯೂಟರ್ ಅಂಗಡಿಯಲ್ಲೇ ಇದೆ. ಮಾಮೂಲಿ ಯುಪಿಎಸ್ ಬ್ಯಾಟರಿಗೆ ಬದಲಾಗಲು 4ರಿಂದ 10 ಮಿಲಿಸೆಕೆಂಡ್ ಸಾಕು, ಅಡಾಪ್ಟರಿನ ಕೆಪಾಸಿಟರ್ ಅಷ್ಟು ಹೊತ್ತನ್ನು ಹೇಗೋ ದೂಡುತ್ತದೆ. ಮಾಡೆಲರ್ ತಿನ್ನುವುದು ಹತ್ತಾರು ವಾಟ್ ಮಾತ್ರ, ಆದ್ದರಿಂದ ಚಿಕ್ಕ ಯುಪಿಎಸ್ ಕೂಡ ಹಲವು ನಿಮಿಷ ನಡೆಸುತ್ತದೆ. ಅಗ್ಗದ ಯುಪಿಎಸ್ಸಿನ ವಿದ್ಯುತ್ತು ಚೌಕಾಕಾರದ ಒರಟು ಅಲೆ, ವಾಲ್ವ್ ಆಂಪಿಗೆ ಅದನ್ನು ಕೊಟ್ಟರೆ ಗುಂಯ್‌ಗುಡುತ್ತದೆ. ಅಡಾಪ್ಟರು ಹೇಗಿದ್ದರೂ ಅದನ್ನು ಡಿಸಿ ಮಾಡಿಯೇ ಬಳಸುವುದರಿಂದ ತಲೆಕೆಡಿಸಿಕೊಳ್ಳುವುದಿಲ್ಲ. ಸೌಂಡಿನವರ ಡಿಜಿಟಲ್ ಮಿಕ್ಸರಿಗೂ ಒಂದು ಯುಪಿಎಸ್ ಬೇಕು. ಅದು ಮಲಗಿದರೆ ಗಿಟಾರಷ್ಟೇ ಅಲ್ಲ, ಇಡೀ ಆರ್ಕೆಸ್ಟ್ರಾ ಮೂಕ.

ಮೂರನೆಯದು ನ್ಯೂಟ್ರಲ್ ಕಟ್ ಆಗುವುದು. ಇದರ ಬಗ್ಗೆ ಸಂಗೀತಗಾರರು ಮಾತಾಡುವುದು ಕಡಿಮೆ, ಆದರೆ ಶಾಮಿಯಾನದ ವೈರಿಂಗ್ ಮಾಡುವವರನ್ನು ಕೇಳಿ. ಮೂರು ಫೇಸಿನ ಸಂಪರ್ಕದಲ್ಲಿ ಪ್ರತಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ 400. ಮಣ್ಣಲ್ಲಿ ಎಳೆದ, ಟೇಪು ಸುತ್ತಿದ ನ್ಯೂಟ್ರಲ್ ವೈರಿನ ಗಂಟು ಬಿಟ್ಟುಕೊಂಡರೆ ಎರಡು ಫೇಸಿನ ಮೇಲಿರುವ ಉಪಕರಣಗಳು ಸಾಲಾಗಿ 400 ವೋಲ್ಟಿನ ನಡುವೆ ಸಿಕ್ಕಿಕೊಳ್ಳುತ್ತವೆ. ಯಾವ ಫೇಸಿನ ಮೇಲೆ ಹೊರೆ ಕಡಿಮೆಯೋ ಅದರ ಪಾಲಿಗೆ ಹೆಚ್ಚು ವೋಲ್ಟ್. ಅಲಂಕಾರದ ದೊಡ್ಡ ದೀಪಗಳೆಲ್ಲ ಒಂದು ಫೇಸಿನಲ್ಲಿ, ವಾದ್ಯಗಳು ಮಾತ್ರ ಇನ್ನೊಂದರಲ್ಲಿ ಇದ್ದರೆ ಹೊಡೆತ ಬೀಳುವುದು ವಾದ್ಯಗಳಿಗೇ. 350 ವೋಲ್ಟ್ ಒಳಗೆ ಬಂತೆಂದರೆ ಅಡಾಪ್ಟರಿನ ಕೆಪಾಸಿಟರಿನ ಮೇಲೆ ಅದರ 1.414 ಪಟ್ಟು, ಸುಮಾರು 495 ವೋಲ್ಟ್ ಏರುತ್ತದೆ. ಸಾಮಾನ್ಯವಾಗಿ ಅದು 400 ವೋಲ್ಟಿಗೆ ಮಾಡಿದ ಭಾಗ, ‘ಪಟ್’ ಎಂದು ಒಡೆದು ಹೊಗೆ ಬಿಡುತ್ತದೆ. ವಾಲ್ವ್ ಆಂಪಿನಲ್ಲಿ ಫ್ಯೂಸ್ ಮೊದಲು ಹೋದರೆ ಉಳಿದೀತು, ಇಲ್ಲದಿದ್ದರೆ ಅದಕ್ಕೂ ಅದೇ ಗತಿ. ಯುಪಿಎಸ್ ಮುಂದಿದ್ದರೆ ಅದು ತಾನು ಬಲಿಯಾಗಿ ಮಾಡೆಲರನ್ನು ಉಳಿಸಬಹುದು. ವೋಲ್ಟೇಜ್ ಮೀರಿದರೆ ಕಡಿದುಹಾಕುವ ರಿಲೇ ಇರುವ ಬೋರ್ಡ್ ಇನ್ನೂ ಮೇಲು.

ಅರ್ತ್ ಇಲ್ಲದ ವೇದಿಕೆಯಲ್ಲಿ ಮೈಕಿಗೆ ತುಟಿ ತಾಗಿದಾಗ ಜುಮ್ಮೆನ್ನುವುದು ಅನೇಕರಿಗೆ ಅನುಭವ. ಗಿಟಾರಿನ ತಂತಿಗಳು ಉಪಕರಣದ ಗ್ರೌಂಡಿಗೆ ಸೇರಿರುತ್ತವೆ, ಅಡಾಪ್ಟರಿನಿಂದ ಒಂದು ಮಿಲಿಆಂಪಿಯರಿಗೂ ಕಡಿಮೆ ಸೋರಿಕೆ ಅಲ್ಲಿಗೆ ಬರುತ್ತದೆ. ಅಷ್ಟರಿಂದ ಪ್ರಾಣಕ್ಕೇನೂ ಆಗದು. ಬೇರೆ ಯಾವುದೋ ಉಪಕರಣದಲ್ಲಿ ಫೇಸ್ ಮೈಗೆ ತಾಗಿದ್ದು ಅರ್ತ್ ಇಲ್ಲದಿದ್ದರೆ ಮಾತ್ರ ಅದು ಬೇರೆಯೇ ಕಥೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ಲಿ ಹಾರ್ವಿ ವೇದಿಕೆಯ ಮೇಲೇ ಮೈಕ್ ಮುಟ್ಟಿ ಸತ್ತರು. 30 ಮಿಲಿಆಂಪಿಯರಿಗೆ ಕಡಿದುಹಾಕುವ ಆರ್‌ಸಿಸಿಬಿ ವೇದಿಕೆಯ ಬೋರ್ಡಿನಲ್ಲಿ ಇದೆಯೇ ಎಂದು ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ.

ಬಿಸಿಲಿನ ವಿಷಯ ಚಿಕ್ಕದು. ಪಾಲಕ್ಕಾಡ್ ಕಣಿವೆಯ ಗಾಳಿ ಕೊಯಮತ್ತೂರನ್ನು ತುಸು ತಂಪಾಗಿಡುತ್ತದೆ, ಏಪ್ರಿಲ್ಲಿನಲ್ಲಿ ತಿರುಪ್ಪೂರು ಸುಡುತ್ತದೆ. ಚಿಪ್ಪು ಅಷ್ಟಕ್ಕೆ ಹೆದರುವುದಿಲ್ಲ. ಆದರೆ ಉಷ್ಣತೆ 10 ಡಿಗ್ರಿ ಏರಿದರೆ ಕೆಪಾಸಿಟರಿನ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರರ ರೂಢಿಯ ಲೆಕ್ಕ. ಸಂಜೆಯ ಸೌಂಡ್ ಚೆಕ್‌ನಲ್ಲಿ ಎದುರು ಬಿಸಿಲಿಗೆ ಪರದೆ ಓದಲಾಗದಿರುವುದೇ ಹೆಚ್ಚಿನ ಪೀಡೆ.

ಬಿಡಿ ಬಿಡಿ ಪೆಡಲುಗಳ ಹಲಗೆಗೂ ಒಂದೇ ಪೆಟ್ಟಿಗೆಗೂ ಹೋಲಿಸುವಾಗ ಸಂಭವನೀಯತೆಯ ಸರಳ ಲೆಕ್ಕ ಸಹಾಯಕ್ಕೆ ಬರುತ್ತದೆ. ಸಾಲಾಗಿ ಜೋಡಿಸಿದ ಹತ್ತು ಜಾಕುಗಳು ಒಂದೊಂದೂ ಸಾವಿರ ಕಾರ್ಯಕ್ರಮಕ್ಕೆ ಒಮ್ಮೆ ಮಾತ್ರ ಕೆಡುತ್ತವೆ ಎಂದುಕೊಳ್ಳಿ. ಇಡೀ ಸಾಲು ನೂರಕ್ಕೊಮ್ಮೆ ಕೆಡುತ್ತದೆ. ಮಾಡೆಲರು ಈ ಜಾಕುಗಳನ್ನು ಎರಡು ಮೂರಕ್ಕೆ ಇಳಿಸುತ್ತದೆ, ಅದು ದೊಡ್ಡ ಲಾಭ. ನಷ್ಟವೆಂದರೆ ಕೆಟ್ಟಾಗ ಎಲ್ಲವೂ ಒಟ್ಟಿಗೆ ಹೋಗುವುದು. ಪೆಡಲೊಂದು ಕೆಟ್ಟರೆ ಅದನ್ನು ಬಿಟ್ಟು ಮುಂದಿನದಕ್ಕೆ ವೈರ್ ಚುಚ್ಚಿ ನುಡಿಸಬಹುದು, ಮಾಡೆಲರಿನಲ್ಲಿ ಹಾಗೆ ದಾಟಿ ಹೋಗಲು ಬರುವುದಿಲ್ಲ. ಇನ್ನು ಕಾರ್ಯಕ್ರಮದ ಹಿಂದಿನ ರಾತ್ರಿ ಹೊಸ ಸಾಫ್ಟ್‌ವೇರ್ ಹಾಕುವವರ ಬಗ್ಗೆ ಏನೂ ಹೇಳದಿರುವುದೇ ವಾಸಿ.

ಹಾಗಾಗಿ ಆಪತ್ತಿಗೆಂದು ಎರಡನೆಯ ಪೆಟ್ಟಿಗೆಯೊಂದು ಇರಬೇಕು. ನೂರಕ್ಕೊಮ್ಮೆ ಕೆಡುವ ಎರಡು ಪೆಟ್ಟಿಗೆಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಎರಡೂ ಒಟ್ಟಿಗೆ ಕೆಡುವುದು ಹತ್ತು ಸಾವಿರಕ್ಕೊಮ್ಮೆ. ಸಂಬಂಧವಿಲ್ಲದಿದ್ದರೆ ಎಂಬುದೇ ಷರತ್ತು: ಎರಡೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿಕೊಂಡಿದ್ದರೆ ನ್ಯೂಟ್ರಲ್ ಕಟ್ ಎರಡನ್ನೂ ಸುಡುತ್ತದೆ. ಅದಕ್ಕೇ ಎರಡನೆಯದು ಇನ್ನೊಂದು ಮಾಡೆಲರ್ ಆಗದೆ, 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ, ನೇರ ಮಿಕ್ಸರಿಗೆ ಚುಚ್ಚಬಹುದಾದ ಸರಳ ಅನಲಾಗ್ ಪೆಟ್ಟಿಗೆಯಾದರೆ ಒಳ್ಳೆಯದು. ಟೆಕ್ 21ರವರ ಸ್ಯಾನ್ಸ್‌ಆಂಪ್ 1989ರಲ್ಲೇ ಈ ದಾರಿ ತೋರಿಸಿತ್ತು. 500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಿಂದ 5 ಮಿಲಿಆಂಪಿಯರ್ ಎಳೆಯುವ ಪೆಟ್ಟಿಗೆ ನೂರು ಗಂಟೆ ನಡೆಯುತ್ತದೆ, ಮದುವೆ ಸೀಸನ್ನಿನ ಹಲವು ಕಾರ್ಯಕ್ರಮಗಳಿಗೆ ಸಾಕು. ಅದರಲ್ಲಿ ಇರುವುದು ಒಂದೇ ದನಿ. ಊಟದ ಪಂಕ್ತಿ ನಡೆಯುತ್ತಿರುವ ಹೊತ್ತಿನಲ್ಲಾದರೆ ಯಾರೂ ಗಮನಿಸುವುದಿಲ್ಲ.