ಓಟಗಾರರ ಮಂತ್ರ

ಮನನ ಮಾಡಿದವನನ್ನು ಕಾಯುವುದೇ ಮಂತ್ರವೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ನಿರ್ವಚನ. ತರಗತಿಯಲ್ಲಿ ಅದನ್ನು ಎಷ್ಟು ಸಲ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಆ ಮಾತು ಪರೀಕ್ಷೆಗೆ ಒಳಗಾದದ್ದು ನಾನು ನಿವೃತ್ತನಾದ ಮೇಲೆ, ಮುಂಬಯಿಯ ರಸ್ತೆಯೊಂದರ ಏರಿನಲ್ಲಿ. ಓಡಿದವಳು ನನ್ನ ಮಗಳು.

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ಈ ದೂರವೇ 1921ರಲ್ಲಿ ಪ್ರಮಾಣವಾಗಿ ನಿಂತಿತು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಸಾಮಾನ್ಯವಾಗಿ ಮೂವತ್ತು ಕಿಲೋಮೀಟರಿನ ಆಚೀಚೆ ಬರಿದಾಗತೊಡಗುತ್ತದೆ. ಅಲ್ಲಿಂದ ಮುಂದೆ ಕಾಲಿಗಿಂತ ಮೊದಲು ಮನಸ್ಸೇ ‘ಸಾಕು’ ಎನ್ನುತ್ತದೆ. ಅನುಭವಸ್ಥರು ಅದಕ್ಕೆ ಉತ್ತರವಾಗಿ ಯಾವುದಾದರೊಂದು ಪುಟ್ಟ ಮಾತನ್ನು ಒಳಗೊಳಗೇ ಜಪಿಸುತ್ತಾರೆ. ಜಪಾನಿನ ಕಾದಂಬರಿಕಾರ ಹಾರುಕಿ ಮುರಕಾಮಿ ಓಟವನ್ನು ಕುರಿತು 2007ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಇಂಥ ಮಂತ್ರಗಳ ಪ್ರಸ್ತಾಪದಿಂದಲೇ ಆರಂಭಿಸಿದ್ದಾರೆ.

ಇದು ಬರಿಯ ನಂಬಿಕೆಯೆ? 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಪ್ಪತ್ನಾಲ್ಕು ಮಂದಿಯನ್ನು ಎರಡು ಗುಂಪು ಮಾಡಿ, ಸ್ಥಿರ ಸೈಕಲ್ಲನ್ನು ಸುಸ್ತಾಗುವವರೆಗೆ ತುಳಿಸಿದರು. ಎರಡು ವಾರ ಸ್ವಗತದ ಅಭ್ಯಾಸ ಮಾಡಿದ ಗುಂಪು ಮೊದಲಿಗಿಂತ ಸುಮಾರು ಶೇಕಡ 18ರಷ್ಟು ಹೆಚ್ಚು ಹೊತ್ತು ತುಳಿಯಿತು. ಶ್ರಮ ಅಷ್ಟೇ ಇದ್ದರೂ ಅದು ಕಡಿಮೆಯೆಂದು ಅವರಿಗೆ ತೋರಿತು. ಮಾತು ಕಾಲಿಗೆ ಬಲ ಕೊಡುವುದಿಲ್ಲ. ಕಾಲಿನ ದೂರನ್ನು ಮನಸ್ಸು ಕೇಳಿಸಿಕೊಳ್ಳುವ ರೀತಿಯನ್ನು ಬದಲಿಸುತ್ತದೆ.

ಮಗಳು ಒಂದು ಕನ್ನಡ ಮಂತ್ರ ಬೇಕೆಂದು ಕೇಳಿದಾಗ ನನ್ನೊಳಗಿನ ಛಂದಸ್ಸಿನ ಮೇಷ್ಟರು ಎದ್ದು ಕುಳಿತರು. ಓಟವೆಂದರೆ ಎಡ-ಬಲಗಳ ಸಮಗತಿ. ನಾಲ್ಕು ಮಾತ್ರೆಯ ಗಣಗಳೇ ಅದಕ್ಕೆ ಒಗ್ಗಬೇಕು. ಮೂರು ಮಾತ್ರೆಯದಾದರೆ ಪೆಟ್ಟು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬೀಳುತ್ತದೆ. ಹೀಗೆಲ್ಲ ತರ್ಕಿಸಿ, ಧೈರ್ಯ, ಸ್ಥೈರ್ಯ, ಸಂಕಲ್ಪಗಳನ್ನು ತುಂಬಿದ ಒಂದು ಘನವಾದ ಸಾಲನ್ನು ಕಟ್ಟಿಕೊಟ್ಟೆ. ಲಘು-ಗುರುಗಳಲ್ಲಿ ಎಲ್ಲಿಯೂ ದೋಷವಿರಲಿಲ್ಲ.

ಓಟ ಮುಗಿದ ಸಂಜೆ ಅವಳು ದೂರವಾಣಿಯಲ್ಲಿ, “ಅಪ್ಪಾ, ನಿಮ್ಮ ಮಂತ್ರ ಅರ್ಧ ದಾರಿಗೇ ಮರೆತುಹೋಯಿತು” ಎಂದಳು.

“ಮತ್ತೆ ಹೇಗೆ ಓಡಿದೆ?”

ಅವಳು ತುಸು ಹೊತ್ತು ಸುಮ್ಮನಿದ್ದಳು. ಕೊನೆಯ ಭಾಗದಲ್ಲಿ ಬರುವ ಪೆಡ್ಡರ್ ರಸ್ತೆಯ ಏರಿನಲ್ಲಿ ಕಾಲು ನಿಂತೇಹೋಗುವಂತಾದಾಗ, ಐದಾರು ವರ್ಷದ ಹುಡುಗಿಯಾಗಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದು ನೆನಪಾಯಿತಂತೆ. ಅಂದು ಅವಳು ಅತ್ತು ಕುಳಿತಾಗಲೆಲ್ಲ ನನ್ನ ಹೆಂಡತಿ ಕೈ ಹಿಡಿದೆಬ್ಬಿಸಿ, “ಇಷ್ಟೇ ಮಗಳೇ, ಇಷ್ಟೇ ಮಗಳೇ” ಎನ್ನುತ್ತಿದ್ದಳು. ಇನ್ನೂ ಐನೂರು ಮೆಟ್ಟಿಲು ಉಳಿದಿರುವಾಗಲೂ ಹಾಗೆಯೇ. ಅದು ಸುಳ್ಳೆಂದು ನಾನು ಆಗ ಆಕ್ಷೇಪಿಸಿದ್ದೂ ಉಂಟು.

ಆಕೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಉಳಿದಷ್ಟು ದೂರವನ್ನೂ ಆ ಎರಡು ಪದಗಳಲ್ಲಿಯೇ ಓಡಿದಳು.

ದೂರವಾಣಿಯನ್ನಿಟ್ಟ ಮೇಲೆ, ಹಳೆಯ ಚಟದಿಂದ, ಕಾಗದದ ಮೇಲೆ ಪ್ರಸ್ತಾರ ಹಾಕಿದೆ. ಎರಡು ಗುರು, ಆಮೇಲೆ ಎರಡು ಲಘು, ಒಂದು ಗುರು. ನಾಲ್ಕು, ನಾಲ್ಕು.